ಚ್ಯಾಷ್ಟಿಗೆ ಕರೆದ ಹೆಸರು

ಹುಲಿಗೆವ್ವನನ್ನು ನಾನು ಮೊದಲ ಸಲ ಹುಲಿಗೆವ್ವ ಎಂದು ಕರೆದದ್ದು ಮರ್ಯಾದೆಗಲ್ಲ, ಚ್ಯಾಷ್ಟಿಗೆ. ನಿಂತವರೆಲ್ಲ ನಗಲಿ ಎಂದು. ಮರುದಿನ ಅದು ನನ್ನ ಕುತ್ತಿಗೆಗೆ ಬಂದಾಗ, ಹಾಗೆ ಕರೆದೇ ಇಲ್ಲ ಎಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಅವಳ ಕೆಲಸ ಹೋಯಿತು, ನನ್ನದು ಉಳಿಯಿತು. ಅಷ್ಟಕ್ಕೇ ಮುಗಿದಿದ್ದರೆ ನಾನು ಬರೀ ಹೇಡಿ ಅನಿಸಿಕೊಳ್ಳುತ್ತಿದ್ದೆ. ಆದರೆ ಮುಂದೆ ಕೆಲವು ವರ್ಷಕ್ಕೆ, ಅದೇ ಹೆಸರು ಕರೆದ ಪುಣ್ಯಕ್ಕಾಗಿ, ರಾಯಚೂರಿನ ಒಂದು ವಾಚನಾಲಯದಲ್ಲಿ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಅದನ್ನೂ ಹಾಕಿಸಿಕೊಂಡೆ — ಕುತ್ತಿಗೆ ಚಾಚಿ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಯಾಕೆಂದರೆ ನಾನು ಮಾತಿಗಿಳಿದರೆ ನಗಿಸುತ್ತೇನೆ. ನಗಿಸುತ್ತ ನಗಿಸುತ್ತ ಹೇಳಬೇಕಾದದ್ದನ್ನು ನುಂಗಿಬಿಡುತ್ತೇನೆ. ನೀವು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗುತ್ತೀರಿ, ತಪ್ಪು ಮಾಡಿದವನು ಆರಾಮಾಗಿ ಬೀಡಿ ಹಚ್ಚುತ್ತಾನೆ. ಈ ಸಲ ಹಾಗಾಗಬಾರದು.

ನಾನು ಬಸಲಿಂಗಪ್ಪ. ದೇವದುರ್ಗ ತಾಲ್ಲೂಕಿನ ಮಸರಕಲ್ ಕಡೆಯವನು. ಒಕ್ಕಲುತನದ ಮನೆ. ಮಗ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರಲಿ ಎಂದು ಅಪ್ಪ ನನ್ನನ್ನು ರಾಯಚೂರಿಗೆ, ಸೋದರಮಾವನ ಮನೆಗೆ ಕಳಿಸಿದ. ಆಗ ನಿಜಾಮರ ಕಾಲ, ಸಾಲೆಯಲ್ಲೆಲ್ಲ ಉರ್ದು. ಉರ್ದು ಬಲದಿಂದ ಎಡಕ್ಕೆ ಹೋಗುತ್ತಿತ್ತು, ನನ್ನ ತಲೆ ಎಡದಿಂದ ಬಲಕ್ಕೆ — ಇಬ್ಬರೂ ನಡುವೆ ಎಲ್ಲಿಯೂ ಭೇಟಿಯಾಗಲಿಲ್ಲ. ನಪಾಸಾದೆ. ಮತ್ತೊಮ್ಮೆ ಕೂತು ಇನ್ನೂ ಚೆನ್ನಾಗಿ ನಪಾಸಾದೆ. ನನ್ನ ಇಡೀ ದೇಹದಲ್ಲಿ ಪಾಸಾದದ್ದು ಗಂಟಲೊಂದೇ. ನಾನು ಮಾವನ ಮನೆಯ ಮಾಳಿಗೆಯ ಮೇಲೆ ನಿಂತು ಕೂಗಿದರೆ ಸ್ಟೇಷನ್ನಿನಲ್ಲಿ ಗಾಡಿ ಬಿಡಲು ಹಸಿರು ಬಾವುಟ ಎತ್ತುತ್ತಿದ್ದರು ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದ. ಆ ಗಂಟಲನ್ನೇ ನೋಡಿ ಊರ ಅಂಚಿನ ಒಂದು ಹತ್ತಿ ಜಿನ್ನಿನಲ್ಲಿ ನನ್ನನ್ನು ಗೇಟಿಗೆ ಹಚ್ಚಿದ. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ನನಗೆ ಇಪ್ಪತ್ತರ ಆಸುಪಾಸು.

ಜಿನ್ನು ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಸುಗ್ಗಿ ಬಂತೆಂದರೆ ಮಾನ್ವಿ ಕಡೆಯಿಂದ, ದೇವದುರ್ಗದ ಕಡೆಯಿಂದ ಹತ್ತಿ ತುಂಬಿದ ಅಂಡಿಗೆಗಳನ್ನು, ಎಂದರೆ ದೊಡ್ಡ ಚೀಲಗಳನ್ನು, ಹೇರಿದ ಬಂಡಿಗಳು ಬಂದು ಸಾಲು ಹಚ್ಚುತ್ತಿದ್ದವು. ಒಳಗೆ ಯಂತ್ರಗಳ ಬಾಯಿಗೆ ಹತ್ತಿ ಉಣಿಸುವವರು ಹೆಚ್ಚಾಗಿ ಹೆಂಗಸರು. ಬೆಳಿಗ್ಗೆ ಕೆಲಸ ಶುರುವಾಗುವ ಭೋಂಗಾ ಕೂಗುವ ಮೊದಲು ನಾನು ಗೇಟಿನಲ್ಲಿ ನಿಂತು ಒಬ್ಬೊಬ್ಬರ ಹೆಸರು ಕರೆಯಬೇಕು; ಅವರು ಓಗೊಡಬೇಕು; ನಾನು ಒಂದು ಹಿತ್ತಾಳೆ ಬಿಲ್ಲೆ ಕೊಡಬೇಕು. ಬಿಲ್ಲೆ ಇದ್ದವರಿಗೆ ಒಳಗೆ ದಾರಿ, ಅವತ್ತಿನ ಕೂಲಿ. ಇಲ್ಲದವರು ಮನೆಗೆ.

ಇದಿಷ್ಟೇ ಆಗಿದ್ದರೆ ನಾಯಿಗೆ ಕಲಿಸಿದರೂ ಮಾಡುತ್ತಿತ್ತು. ಆದರೆ ನನ್ನ ಕೆಲಸಕ್ಕೊಂದು ಶಾಸ್ತ್ರ ಇತ್ತು. ಒಕ್ಕಲಿಗರ ಗಂಡಸಾದರೆ ‘ಶರಣಪ್ಪಾ’, ‘ಅಮರಪ್ಪಾ’. ಹೆಂಗಸಾದರೆ ‘ನೀಲವ್ವಾ’. ಮುಸಲ್ಮಾನರಾದರೆ ಹೆಸರಿನ ಬೆನ್ನಿಗೆ ‘ಸಾಬ್’. ಇವರಿಗೆಲ್ಲ ಬಿಲ್ಲೆ ಕೈಗೆ. ಊರ ಹೊರಗಿನ ಕೇರಿಯವರು ಬಂದರೋ, ಎಷ್ಟೇ ವಯಸ್ಸಾಗಿರಲಿ, ‘ಮರ್ಯಾ’, ‘ಹನುಮ್ಯಾ’, ‘ಯಲ್ಲಿ’, ‘ಹುಲಿಗಿ’. ಇವರಿಗೆ ಬಿಲ್ಲೆ ನೆಲಕ್ಕೆ. ಎಸೆಯಬೇಕು, ಅವರು ಬಗ್ಗಿ ಎತ್ತಿಕೊಳ್ಳಬೇಕು. ಇದನ್ನು ಯಾರೂ ನನಗೆ ಕೂಡಿಸಿ ಕಲಿಸಲಿಲ್ಲ. ಹುಟ್ಟುತ್ತಲೇ ಕಲಿತು ಬಂದಿದ್ದೆ — ಉರ್ದು ಹತ್ತದ ತಲೆಗೆ ಇದು ಎಷ್ಟು ಚೆನ್ನಾಗಿ ಹತ್ತಿತ್ತು ನೋಡಿ. ಅಷ್ಟೇ ಅಲ್ಲ, ಎಸೆಯುವುದರಲ್ಲಿ ನನಗೊಂದು ಡೌಲು. ಬಿಲ್ಲೆಯನ್ನು ಹೆಬ್ಬೆರಳಿನಿಂದ ಚಿಮ್ಮಿಸಿ, ಗಾಳಿಯಲ್ಲಿ ತಿರುಗಿಸಿ, ಅವರ ಕಾಲ ಹೆಬ್ಬೆರಳ ಮುಂದೆಯೇ ಬೀಳಿಸುತ್ತಿದ್ದೆ. ಅದನ್ನು ನೋಡಲೆಂದೇ ಬಂಡಿಯವರು ನಿಲ್ಲುತ್ತಿದ್ದರು.

ಕೆಲಸದಲ್ಲಿ ನಾನು ಎಂಥ ಜಾಣನಾಗಿದ್ದೆ ಎಂಬುದಕ್ಕೆ ಒಂದು ಮಾತು. ಒಮ್ಮೆ ಕಣ್ಣು ಮುಚ್ಚಿ ರಾಗ ಎಳೆಯುತ್ತ, ಎದುರು ಬಂದವರ ಕೈಗೆ ಬಿಲ್ಲೆ ಇಟ್ಟು ‘ನಡೀ ಒಳಗ’ ಎಂದು ಬೆನ್ನು ತಟ್ಟಿದೆ. ಅವರು ಮಾಲೀಕರ ಬೀಗರು, ಊರಿನಿಂದ ಭೇಟಿಗೆ ಬಂದಿದ್ದರು. ಪಾಪ, ಸಂಕೋಚದ ಮನುಷ್ಯ. ಅರ್ಧ ಅಂಡಿಗೆ ಹತ್ತಿ ಹೊತ್ತ ಮೇಲೆ ಅವರನ್ನು ಪತ್ತೆ ಹಚ್ಚಿದರು.

ಹುಲಿಗೆವ್ವ ಮೂಲತಃ ಕಲ್ಮಲದವಳು. ಗಂಡ ಸತ್ತ ಮೇಲೆ ಸುಗ್ಗಿಗೆ ರಾಯಚೂರಿಗೆ ಬಂದು ಮಗಳ ಗುಡಿಸಲಿನಲ್ಲಿ ಇರುತ್ತಿದ್ದಳು. ಅಳಿಯ ಎಲ್ಲಿಗೋ ಹೋದವನು ಬಂದಿರಲಿಲ್ಲ. ಮಗಳಿಗೆ ಎದೆಹಾಲು ಕುಡಿಯುವ ಕೂಸು. ಆ ಮನೆ ನಡೆಯುತ್ತಿದ್ದುದು ಹುಲಿಗೆವ್ವನ ಬಿಲ್ಲೆಯ ಮೇಲೆ. ನನ್ನವ್ವನಿಗಿಂತ ದೊಡ್ಡವಳು. ಎಲೆಯಡಿಕೆಯ ಬಾಯಿ, ಕುಂಕುಮವಿಲ್ಲದ ಅಗಲ ಹಣೆ, ನಾಲಿಗೆ ಮಾತ್ರ ಆಗಷ್ಟೇ ಸಾಣೆ ಹಿಡಿದದ್ದು. ಅವಳು ನನಗೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದಳು. ಆದರೆ ಆ ‘ರೀ’ಯೊಳಗೇ ಸೂಜಿ ಇಡುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಮೀಸೆಯ ಜಾಗಕ್ಕೆ ಎಣ್ಣೆ ಸವರಿಕೊಂಡು ಬಂದಿದ್ದೆ. ಬಿಲ್ಲೆ ಎತ್ತಿಕೊಂಡವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

“ಯಪ್ಪಾ, ನಿಮ್ಮ ಮೀಸಿ ಇನ್ನ ದೇವದುರ್ಗದಾಗ ಅದ ಏನ್ರಿ? ಅದಕ್ಕ ಬಸ್ಸು ಸಿಗಲಿಲ್ಲೇನು?”

ಗೇಟು ಗೊಳ್ಳೆಂದಿತು. ಎತ್ತುಗಳೂ ನಕ್ಕಂತೆ ನನಗೆ ಕಂಡಿತು. ಇಂಜಿನ್ ನೋಡಿಕೊಳ್ಳುವ ಖಾಜಾ ಚಾಚಾ, ಎಣ್ಣೆ ಬಟ್ಟೆಯಿಂದ ಕಣ್ಣೊರೆಸಿಕೊಂಡು, “ಆಯೇಗಾ ಬೇಟಾ, ಆಯೇಗಾ, ನಡಕೋತ ಬರಾಕತ್ತಿರಬೇಕು” ಎಂದ. ನಾನೂ ನಕ್ಕೆ. ಆದರೆ ಊರನ್ನೆಲ್ಲ ನಗಿಸುವವನಿಗೆ ತನ್ನ ಮೇಲಿನ ನಗೆ ತಡೆಯುವುದಿಲ್ಲ. ಅದೂ ಯಾರಿಂದ — ಹುಲಿಗಿಯಿಂದ! ಹೀಗೇ, ಈ ಶಬ್ದದಲ್ಲೇ ಯೋಚಿಸಿದೆ. ಮುಚ್ಚಿಡುವುದಿಲ್ಲ.

ಸೇಡು ತೀರಿಸಲು ನನಗೆ ಗೊತ್ತಿದ್ದ ಆಯುಧ ಒಂದೇ. ನಾಟಕ ಕಂಪನಿಗಳಲ್ಲಿ ಬಾದಶಹ ಬರುವ ಮೊದಲು ಬೆಳ್ಳಿ ಕೋಲಿನವನು ಬಂದು ಕೂಗುತ್ತಾನಲ್ಲ, ಅದನ್ನು ಮಾಡಿದೆ. ಮರುದಿನ ಒಂದು ಹಿತ್ತಾಳೆ ತಟ್ಟೆ ತಂದೆ, ಮೇಲೆ ಹತ್ತಿ ಹಾಸಿ ಅವಳ ಬಿಲ್ಲೆ ಇಟ್ಟೆ. ಸರದಿ ಬಂದಾಗ ಎದೆ ಉಬ್ಬಿಸಿ —

“ಬಾ-ಅದಬ್! ಬಾ-ಮುಲಾಹಿಜಾ! ಹೋಶಿಯಾರ್! ಜಿನ್ನಿನ ಮಹಾರಾಣಿ ಶ್ರೀಮತಿ ಹುಲಿಗೆವ್ವನವರು ಬರಾಕತ್ತಾರ! ಸರೀರಿ, ಸರೀರಿ, ದಾರಿ ಬಿಡ್ರಿ!”

ಬಗ್ಗಿ ಸಲಾಮು ಹೊಡೆದು ತಟ್ಟೆ ಮುಂದೆ ಹಿಡಿದೆ. ಜನ ಬಿದ್ದು ಬಿದ್ದು ನಕ್ಕರು. ನನ್ನ ಜನ್ಮದಲ್ಲಿ ಅಷ್ಟು ನಗೆ ನಾನು ಗಳಿಸಿರಲಿಲ್ಲ. ಕೇರಿಯ ಹೆಂಗಸರು ಮಾತ್ರ ನಗಲಿಲ್ಲ, ನೆಲ ನೋಡುತ್ತಿದ್ದರು — ಅದನ್ನು ನಾನು ಕಂಡೆ, ಕಂಡೂ ನಿಲ್ಲಿಸಲಿಲ್ಲ.

ಹುಲಿಗೆವ್ವ ಸಿಟ್ಟಾಗುತ್ತಾಳೆ, ಬೈಯುತ್ತಾಳೆ, ಇನ್ನೂ ನಗೆ ಏಳುತ್ತದೆ ಎಂದು ಕಾದೆ. ಅವಳು ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡಳು. ಬಾಯಲ್ಲಿದ್ದ ಎಲೆ ಅತ್ತ ಉಗುಳಿ ಬಂದಳು. “ಬಂದೀನ್ರಿ” ಎಂದಳು, ಮದುವೆಮನೆಯ ಬಾಗಿಲಲ್ಲಿ ಕರೆದವರಿಗೆ ಹೇಳುವಂತೆ. ತಟ್ಟೆಯ ಮೇಲಿನ ಬಿಲ್ಲೆಯನ್ನು ಎರಡು ಬೆರಳಿನಿಂದ ಎತ್ತಿಕೊಂಡು, ಬಗ್ಗದೆ, ನೆಟ್ಟಗೆ ಒಳಗೆ ಹೋದಳು. ನಗೆ ಅಲ್ಲಲ್ಲೇ ತಣ್ಣಗಾಯಿತು. ನನಗೆ ಏನೋ ಸೋತಂತೆ — ಆದರೆ ಏನು ಎಂದು ತಿಳಿಯಲಿಲ್ಲ.

ಅದು ಮರುದಿನ ತಿಳಿಯಿತು.

“ಹುಲಿಗೀ!” ಎಂದೆ. ಓಗೊಡಲಿಲ್ಲ. ಎದುರಿಗೇ ನಿಂತಿದ್ದಾಳೆ. “ಹುಲಿಗೀ! ಕಿವಿ ಕೆಪ್ಪಾತೇನು?” ಇಲ್ಲ. ಬಿಲ್ಲೆ ಎಸೆದೆ. ಅವಳ ಹೆಬ್ಬೆರಳ ಮುಂದೆ ಧೂಳಿನಲ್ಲಿ ಬಿತ್ತು. ಅವಳು ಅದನ್ನು ನೋಡಲೂ ಇಲ್ಲ. ಹಿಂದಿನ ಸಾಲು ನಿಂತುಬಿಟ್ಟಿತು. ಭೋಂಗಾ ಕೂಗಿತು. ಮುನೀಮ ವೆಂಕೋಬರಾಯರು ಕಚೇರಿಯಿಂದ ಧೋತರ ಎತ್ತಿ ಹಿಡಿದುಕೊಂಡು ಹೊರಗೆ ಬಂದರು. ಕಾರ್ಖಾನೆ ಮಾಲೀಕರದಾದರೂ ಅದು ನಡೆಯುತ್ತಿದ್ದುದು ಈ ಮುನೀಮರ ಹುಬ್ಬಿನ ಮೇಲೆ.

“ಏನಲೇ ಬಸ್ಯಾ, ಏನದು ಗದ್ಲ?”

ನನ್ನ ಬದಲು ಹುಲಿಗೆವ್ವ ಮಾತಾಡಿದಳು. “ರಾಯರ, ನಿನ್ನಿ ಇದೇ ಗೇಟಿನಾಗ ನನ್ನ ಹುಲಿಗೆವ್ವ ಅಂತ ಕರದಾರ್ರಿ. ಬಂದೆ. ಇವತ್ತು ಹುಲಿಗಿ ಅಂತ ಕರ್ಯಾಕತ್ತಾರ. ಆಕಿ ಯಾರೋ ನನಗ ಗೊತ್ತಿಲ್ರಿ. ಹುಲಿಗೆವ್ವನ್ನ ಕರದ್ರ ನಾ ಬರ್ತೀನಿ.”

ಮುನೀಮರು ನನ್ನ ಕಡೆ ತಿರುಗಿದರು. “ಹೌದೇನಲೇ? ಗೇಟಿನಾಗ ಹಂಗ ಕರದೀ?”

ಆಗ ನನ್ನ ತಲೆಯಲ್ಲಿ ಏನೇನು ಓಡಿತು! ಹೌದು ಎಂದರೆ — ಗೇಟಿನ ಶಾಸ್ತ್ರ ಕೆಡಿಸಿದವನು ನಾನು. ಚ್ಯಾಷ್ಟಿಗೆ ಕರೆದೆ ಎಂದರೆ — ಕೆಲಸದ ಹೊತ್ತಿನಲ್ಲಿ ನಾಟಕ ಆಡಿದವನು ನಾನು. ಎರಡರಲ್ಲಿ ಯಾವುದಾದರೂ ಮಾವನ ಬಾರುಕೋಲು, ಆಮೇಲೆ ಮಸರಕಲ್, ಆಮೇಲೆ ಎತ್ತಿನ ಬಾಲ. ಒಂದು ಉಸಿರಿನೊಳಗೆ ನನ್ನನ್ನು ನಾನು ಉಳಿಸಿಕೊಂಡೆ.

“ಇಲ್ರೀ ರಾಯರ. ನಾ ಕರದಿಲ್ಲ. ಆಕಿ ಸುಳ್ಳು ಹೇಳಾಕತ್ತಾಳ.”

ಆ ಮಾತು ಹೀಗೆ ಬರೆದರೆ ಎಷ್ಟು ಚಿಕ್ಕದು.

ಇಡೀ ಗೇಟು ಹಿಂದಿನ ದಿನ ಕೇಳಿತ್ತು, ನಕ್ಕಿತ್ತು. ಈಗ ಒಬ್ಬರೂ ಬಾಯಿ ಬಿಡಲಿಲ್ಲ. ಕೇರಿಯ ಹೆಂಗಸರು ಹೇಳಿದ್ದರೆ ನಂಬುವವರು ಯಾರು? ಖಾಜಾ ಚಾಚಾ ಎಣ್ಣೆ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮಡಚಿದ. ಹುಲಿಗೆವ್ವ ನನ್ನ ಹತ್ತಿರ ಬಂದಳು.

“ಯಪ್ಪಾ, ನಿಮ್ಮ ಗಂಟಲು ಇಡೀ ಊರಿಗೇ ಕೇಳಸ್ತದ. ನಿನ್ನಿ ನಿಮಗ ಕೇಳಸಲಿಲ್ಲೇನ್ರಿ?”

ನಾನು ಬಿಲ್ಲೆಯ ಚೀಲದ ಬಾಯಿ ಕಟ್ಟುತ್ತ ನಿಂತೆ. ಅದು ಮೊದಲೇ ಕಟ್ಟಿತ್ತು.

“ಸುಳ್ಳು ಹೇಳೋರಿಗೆ ಇಲ್ಲಿ ಕೆಲಸ ಇಲ್ಲ, ನಡಿ” ಎಂದರು ಮುನೀಮರು. ಅವಳು ಹೋದಳು. ಬಿಲ್ಲೆ ಮಾತ್ರ ಧೂಳಿನಲ್ಲೇ ಬಿದ್ದಿತ್ತು. ಕೊನೆಗೆ ನಾನೇ ಬಗ್ಗಿ ಎತ್ತಿಕೊಳ್ಳಬೇಕಾಯಿತು — ನೆಲದಿಂದ ಬಿಲ್ಲೆ ಎತ್ತುವುದೆಂದರೆ ಏನು ಎಂದು ಅವತ್ತೇ ನನ್ನ ಸೊಂಟಕ್ಕೆ ತಿಳಿದದ್ದು.

ನಾನು ಮರೆತುಬಿಡುತ್ತಿದ್ದೆ. ನನ್ನಂಥವರು ಬೇಗ ಮರೆಯುತ್ತೇವೆ. ಆದರೆ ಕೇರಿಯವರು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ “ಯಲ್ಲೀ!” ಎಂದೆ, ಸದ್ದಿಲ್ಲ. “ಮರ್ಯಾ!” ಎಂದೆ, ಸದ್ದಿಲ್ಲ. ಎಲ್ಲರೂ ಬಂದಿದ್ದಾರೆ, ಸಾಲಾಗಿ ನಿಂತಿದ್ದಾರೆ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾರೆ. ಜಗಳವಿಲ್ಲ, ಕೂಗಾಟವಿಲ್ಲ. ನಾನು ಕರೆಯುತ್ತಿದ್ದೇನೆ, ಆ ಹೆಸರಿನವರು ಅಲ್ಲಿ ಯಾರೂ ಇಲ್ಲ! ಖಾಲಿ ಬಯಲಿನಲ್ಲಿ ನಿಂತು ಕೂಗುವ ಹುಚ್ಚನಂತಾದೆ. ನನ್ನ ಪ್ರಸಿದ್ಧ ಗಂಟಲು ಮೊದಲ ಸಲ ನನಗೇ ದಂಡ ಅನಿಸಿತು.

ಮುನೀಮರು ಎಲ್ಲೆಲ್ಲಿಂದಲೋ ಹೊಸಬರನ್ನು ಹಿಡಿದು ತಂದರು. ಗಿಲ್ಲೆಸುಗೂರಿನಿಂದ ಸಂತೆಗೆ ಬಂದವರನ್ನೂ ಬಿಡಲಿಲ್ಲ. ಸಾಲದ್ದಕ್ಕೆ, “ನೀನೂ ಹೋಗಲೇ, ನಿನ್ನಿಂದನ ಹತ್ತಿದ್ದು ಇದು” ಎಂದು ನನ್ನನ್ನೂ ಒಂದು ಯಂತ್ರದ ಮುಂದೆ ಕೂಡಿಸಿದರು. ಅಯ್ಯೋ ದೇವರೇ! ಯಂತ್ರಕ್ಕೆ ಹತ್ತಿ ಉಣಿಸಲು ಹೋಗಿ ಹೆಗಲ ಮೇಲಿನ ವಲ್ಲಿ ಉಣಿಸಿದೆ. ಅದನ್ನು ಎಳೆಯಲು ಹೋಗಿ ಧೋತರದ ಚುಂಗು ಉಣಿಸಿದೆ. ಖಾಜಾ ಚಾಚಾ ಓಡಿ ಬಂದು ಪಟ್ಟಿ ಕಳಚದಿದ್ದರೆ, ನಾನು ಆ ವರ್ಷ ಹತ್ತಿಯ ಗಂಟಿನಲ್ಲಿ ಕಟ್ಟಿಸಿಕೊಂಡು ಮುಂಬಯಿಗೆ ಹೋಗುತ್ತಿದ್ದೆ. ಹೊರಗೆ ಬಂದಾಗ ಮೈತುಂಬ ಅರಳೆ, ಬಂಡಿಯವನೊಬ್ಬ, “ಯಾರದಲೇ ಈ ಕುರಿ?” ಎಂದು ಕೇಳಿದ. ಸಂಜೆಯ ತನಕ ಯಂತ್ರ ಕಟ್ಟಿಕೊಳ್ಳುವುದು, ಬಿಡಿಸುವುದು, ಮತ್ತೆ ಕಟ್ಟಿಕೊಳ್ಳುವುದು. ಹೊರಗೆ ಬಂಡಿಗಳ ಸಾಲು ರಸ್ತೆಗೆ ಮುಟ್ಟಿತು. ಕೆಲಸ ಯಾಕೆ ನಿಂತಿದೆ ಎಂದು ಮಾಲೀಕರು ಕೇಳಿ ಕಳಿಸಿದರು.

ವೆಂಕೋಬರಾಯರು ತಲೆಯ ಮೇಲಿನ ಪಗಡಿ ತೆಗೆದು ಮೇಜಿನ ಮೇಲಿಟ್ಟರು. “ಹೆಂಗರ ಕರಿಯಲೇ! ಅವ್ವ ಅನ್ನು, ಅಪ್ಪ ಅನ್ನು, ಮಹಾರಾಣಿ ಅನ್ನು. ನನಗ ಹತ್ತಿ ಹೊರಗ ಬರಬೇಕು.”

ಹೋಗಿ ಕರೆದೆ. “ಯಲ್ಲವ್ವಾ!” ಎಂದೆ. ಆ ‘ಅವ್ವ’ ಹೊಸ ಚಪ್ಪಲಿಯಂತೆ ನಾಲಿಗೆಗೆ ಕಚ್ಚಿತು. ಯಲ್ಲವ್ವ ಓಗೊಟ್ಟಳು. “ಬಂದೀನ್ರಿ. ಹುಲಿಗೆವ್ವ ಎಲ್ಲಿ ಅದಾಳ?”

ಹುಲಿಗೆವ್ವ ಕಲ್ಮಲಕ್ಕೆ ಹೋಗಿದ್ದಳು. ಮಗಳು, ಕೂಸು ಸಮೇತ. ಕರೆತರಲು ನನ್ನನ್ನೇ ಅಟ್ಟಿದರು. ಬಂಡಿಯೊಂದನ್ನು ಹತ್ತಿ ಹೋದೆ, ಇಳಿದು ಹೊಲ ಹೊಲ ಹುಡುಕಿದೆ. ಯಾರದೋ ಹೊಲದಲ್ಲಿ ಸೊಂಟಕ್ಕೆ ಉಡಿ ಕಟ್ಟಿ ಹತ್ತಿ ಬಿಡಿಸುತ್ತಿದ್ದಳು. ಬದುವಿನ ಮೇಲೆ ನಿಂತು, “ಹುಲಿಗೆವ್ವಾ!” ಎಂದೆ. ಈ ಸಲ ಬೆಳ್ಳಿ ಕೋಲಿಲ್ಲ, ತಟ್ಟೆಯಿಲ್ಲ, ನಗುವವರಿಲ್ಲ. ಸಾಲು ಮುಗಿಸಿಯೇ ಬಂದಳು.

“ಯಾರು ಕಳಸ್ಯಾರ್ರಿ?”

“ಮುನೀಮರು. ಕೆಲಸಕ್ಕ ಬರಬೇಕಂತ. ಪೂರಾ ಹೆಸರು ಕರೀತೀವಂತ. ಬಿಲ್ಲಿನೂ ಕೈಯಾಗ.”

“ಮುನೀಮ್ರು ಅಂದಿದ್ದು ಕೇಳಿದೆ. ನೀವೇನಂತೀರಿ?”

ನಾನೇನನ್ನುತ್ತೇನೆ! ಅಲ್ಲೇ ಹೇಳಬಹುದಿತ್ತು. ಹೊಲದಲ್ಲಿ ನಾವಿಬ್ಬರೇ. ನಾಲಿಗೆಯ ತುದಿಗೆ ಬಂದಿತ್ತು — ಯವ್ವಾ, ನಾನು ಸುಳ್ಳು ಹೇಳಿದೆ... ಆದರೆ ನನ್ನ ಬಾಯಿಗೆ ನಗಿಸಲು ಬರುತ್ತದೆ, ಇಂಥದ್ದು ಬರುವುದಿಲ್ಲ. “ನಾ ಏನನ್ಲಿ ಯವ್ವಾ, ಬರ್ರಿ, ಹೊತ್ತಾತು” ಎಂದೆ. ಅವಳು ನನ್ನನ್ನೇ ನೋಡುತ್ತ ಕಾದಳು. ಆಮೇಲೆ ಉಡಿ ಬಿಚ್ಚಿ ಹತ್ತಿ ಸುರುವಿ, ಮಗಳನ್ನು ಕರೆದುಕೊಂಡು ಬಂದಳು. ಬರದೆ ಏನು ಮಾಡುತ್ತಾಳೆ? ಕೂಸಿತ್ತು.

ಅವತ್ತಿನಿಂದ ನಮ್ಮ ಗೇಟಿನಲ್ಲಿ ಎಲ್ಲರೂ ಅಪ್ಪ, ಎಲ್ಲರೂ ಅವ್ವ. ಬಿಲ್ಲೆ ಮೊದಮೊದಲು ಒಂದು ಕಲ್ಲಿನ ಮೇಲೆ ಇಟ್ಟು ಸರಿಯುತ್ತಿದ್ದೆ; ಒಂದು ದಿನ ಅವಸರದಲ್ಲಿ ಯಲ್ಲವ್ವನ ಅಂಗೈಗೇ ಇಟ್ಟುಬಿಟ್ಟೆ; ನನ್ನ ಕೈ ಉದುರಲಿಲ್ಲ; ಮರುದಿನದಿಂದ ಕಲ್ಲಿನ ಮೇಲೆ ನಾನು ಕೂರತೊಡಗಿದೆ. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಒಳಗೆ ಕುಡಿಯುವ ನೀರನ್ನು ಕೇರಿಯವರ ಬೊಗಸೆಗೆ ಇನ್ನೂ ಎತ್ತರದಿಂದಲೇ ಹೊಯ್ಯುತ್ತಿದ್ದರು. ಆದರೆ ಗೇಟಿನಲ್ಲಿ ಮಾತ್ರ ಬೆಳಗಿನ ಹೊತ್ತು ಕೇಳಲು ಚೆನ್ನಾಗಿತ್ತು. ಜನ ತಮ್ಮ ಹೆಸರಿಗೆ ಓಗೊಡುವ ದನಿಯೇ ಬೇರೆಯಾಯಿತು. ಮರಿಯಪ್ಪ ಎಂಬ ಮುದುಕ ಮೊದಲ ವಾರವೆಲ್ಲ ನಾನು ಕರೆದಾಗ ಬೇಕೆಂದೇ ಸುಮ್ಮನಿದ್ದು, ಇನ್ನೊಮ್ಮೆ ಕರೆಸಿಕೊಂಡು ಆಮೇಲೆ ಬರುತ್ತಿದ್ದ. “ಕಿವಿಗಿ ಹಿತ ಅನಸ್ತದ್ರೀ, ಇನ್ನೊಮ್ಮಿ” ಎನ್ನುತ್ತಿದ್ದ. ನನಗೂ ಆ ಕೆಲಸ ಹಿಡಿಸಿತು. ಖುಷಿಯಾಗಿಯೇ ಇದ್ದೆ. ಮೀಸೆಯೂ ಕೊನೆಗೊಮ್ಮೆ ಬಸ್ಸು ಹಿಡಿದು ಬಂತು.

ಹೀಗಿರುವಾಗ ರಾಜ್ಯ ಬದಲಾಯಿತು, ನಿಜಾಮರ ಕಾಲ ಮುಗಿಯಿತು. ಊರಲ್ಲಿ ಹೊಸ ಗಾಳಿ, ಹೊಸ ಟೋಪಿ, ದಿನಕ್ಕೊಂದು ಸಭೆ. ವಾಚನಾಲಯದ ಹುಡುಗರಿಗೆ ಸಮಾನತೆಯ ಬಗ್ಗೆ ಒಂದು ಸಭೆ ಮಾಡಬೇಕಾಗಿತ್ತು; ಸನ್ಮಾನಕ್ಕೆ ಒಂದು ಕುತ್ತಿಗೆ ಬೇಕಾಗಿತ್ತು. ಜಿನ್ನಿನ ಗೇಟಿನ ಸುದ್ದಿ ಯಾರೋ ಹೇಳಿದ್ದರು. ಹೇಳುತ್ತ ಹೇಳುತ್ತ ಅದು ನನ್ನ ಸುದ್ದಿಯಾಗಿತ್ತು. ಮಾನ್ವಿಯಿಂದ ಬಂದಿದ್ದ ಮಾಸ್ತರರೊಬ್ಬರು ವೇದಿಕೆಯ ಮೇಲೆ ಮೇಜು ಗುದ್ದಿ ಹೇಳಿದರು: ಈ ಯುವಕ, ಯಾರಿಗೂ ಅಂಜದೆ, ಮುನೀಮರ ಕೆಂಗಣ್ಣಿಗೂ ಬೆದರದೆ, ಒಬ್ಬ ಬಡ ಕೂಲಿ ಹೆಂಗಸನ್ನು ಅವ್ವ ಎಂದು ಕರೆದ!

ನಾನು ಎದ್ದು ಅಲ್ಲ ಎನ್ನಬೇಕಿತ್ತು. ಎದ್ದೆ, ಭಾಷಣ ಮಾಡಿದೆ. ‘ನನ್ನ ಅಂತರಾತ್ಮ’ ಎಂದೆ — ಅದು ಹೊಟ್ಟೆಯ ಯಾವ ಕಡೆ ಇರುತ್ತದೆ ಎಂದೂ ನನಗೆ ಗೊತ್ತಿರಲಿಲ್ಲ. ‘ಮನುಷ್ಯ ಮನುಷ್ಯನನ್ನು’ ಎಂದು ಶುರುಮಾಡಿ ಮುಂದೇನೆಂದು ತೋಚದೆ ಅದನ್ನೇ ಮತ್ತೆ ಮತ್ತೆ ಹೇಳಿದೆ. ಜನ ಅದಕ್ಕೂ ಚಪ್ಪಾಳೆ ಹೊಡೆದರು. ಹಾರದಲ್ಲಿ ಇರುವೆಗಳಿದ್ದವು. ಕುತ್ತಿಗೆಯ ತುಂಬ ಹರಿದಾಡಿದವು. ನಾನು ತುರಿಸಿಕೊಳ್ಳದೆ ಗಂಭೀರವಾಗಿ ನಿಂತಿದ್ದಾಗ, ಬಾಗಿಲ ಹತ್ತಿರ ಹುಲಿಗೆವ್ವ ನಿಂತಿರುವುದು ಕಂಡಿತು. ಜಿನ್ನಿನ ಹೆಂಗಸರನ್ನು ಸಭೆಗೆಂದು ಕರೆತಂದಿದ್ದರು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಕಲ್ಮಲದ ಬದುವಿನ ಮೇಲೆ ನೋಡಿದ್ದಳಲ್ಲ — ಹಾಗೆ, ಕಾಯುತ್ತ.

ಮಾವನ ಮನೆಯವರು ಹಾರವನ್ನು ಬಾಗಿಲಿಗೆ ಕಟ್ಟಿದರು. ಮನೆ ಹೊಕ್ಕಾಗಲೆಲ್ಲ ಅದು ನನ್ನ ತಲೆಗೆ ತಗಲುತ್ತಿತ್ತು. ಹಾರದ ಕೆಳಗೆ ಬಗ್ಗಿ ಬಗ್ಗಿ ಸಾಕಾಗಿ, ರಜೆಯ ದಿನ ಕೇರಿಗೆ ಹೋದೆ. ಹುಲಿಗೆವ್ವ ಗುಡಿಸಲಿನ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊಮ್ಮಗಳು, ಅವತ್ತಿನ ಕೂಸು, ಕೋಳಿಗಳ ಹಿಂದೆ ಓಡುತ್ತಿತ್ತು. ನಾನು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತೆ. ನಗೆಮಾತು ಒಂದೂ ಹಾಕದೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಎಲ್ಲ ಮರೆಯಿತು.

“ಯವ್ವಾ, ಅವತ್ತು ನಾ ನಿಮ್ಮನ್ನ ಅವ್ವ ಅಂದಿದ್ದು ಮರ್ಯಾದಿಗಲ್ಲ. ಚ್ಯಾಷ್ಟಿಗಿ. ನೀವು ಮೀಸಿಗಿ ಅಂದಿದ್ರಲ್ಲ, ಅದರ ಸಿಟ್ಟಿಗಿ.”

ಅವಳು ಮೊರ ಕೇರುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತಿದ್ದಿಲ್ಲೇನು? ನನ್ನ ಕಿವಿ ಇನ್ನ ಚಲೋ ಅದಾವ. ಚ್ಯಾಷ್ಟಿ ಅಂತ ತಿಳದೇ ಬಂದೆ. ಹುಟ್ಟಿದಾಗಿಂದ ಯಾರೂ ನನ್ನ ಪೂರಾ ಹೆಸರು ಕರದಿದ್ದಿಲ್ಲ. ಒಬ್ಬಾತ ಕರದ. ಯಾಕ ಕರದಿ ಅಂತ ಕೇಳ್ಕೋತ ಕೂಡ್ಲೇನು? ಬಂದೀನಿ ಅಂದೆ, ಹಿಡಕೊಂಡೆ. ಬಿಡಲಿಲ್ಲ.” ಒಂದು ಹರಳನ್ನು ಆರಿಸಿ ಎಸೆದಳು. “ಅದು ಇರ್ಲಿ. ಸುಳ್ಳು ಹೇಳ್ತಾಳ ಅಂದ್ಯಲ್ಲ ನೀ. ಅದು?”

ಅವಳು ನನಗೆ ‘ನೀ’ ಎಂದದ್ದು ಅದೇ ಮೊದಲು.

“ಅದನ್ನ ಹೇಳಾಕನ ಬಂದೀನಿ ಯವ್ವಾ. ನಾ ಸುಳ್ಳು ಹೇಳಿದೆ. ನೀವು ಖರೇ ಹೇಳಿದ್ರಿ. ತಪ್ಪಾತು.”

“ಎಲ್ಲಿ ಅಂದಿದ್ದಿ ಅದನ್ನ?”

“ಗೇಟಿನಾಗ.”

“ಮತ್ತ ಇಲ್ಲಿ ಬಂದು ನನ್ನ ಕೋಳಿ ಮುಂದ ಅಂದ್ರ? ಈ ಕೋಳಿಗೇನು ತಿಳೀತದ? ನಾ ಸುಳ್ಳಿ ಅಂತ ಕೇಳಿದ್ದು ಗೇಟಿನ ಮಂದಿ. ಇವತ್ತಿಗೂ ಒಳಗ ಏನರ ಮಾತು ಬಂದ್ರ, ‘ಹುಲಿಗೆವ್ವ ಅಂದ್ಳು ಅಂದ್ರ ನೋಡಿ ನಂಬ್ರಿ’ ಅಂತಾರ. ಹೆಸರು ಪೂರಾ ಕರೀತಾರ, ಮಾತು ಮಾತ್ರ ಪೂರಾ ನಂಬಂಗಿಲ್ಲ.”

ಇದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ದಿನಾ ಬೆಳಿಗ್ಗೆ ಅವಳ ಹೆಸರನ್ನು ನನ್ನ ಬಾಯಿಂದಲೇ ಕರೆದಿದ್ದೇನೆ. ನಾನು ಅಂಟಿಸಿದ್ದು ಆ ಹೆಸರಿನ ಜೊತೆಗೇ ಒಳಗೆ ಹೋಗುತ್ತಿತ್ತು... ನನಗೆ ಗೊತ್ತಿರಲಿಲ್ಲ ಎನ್ನುವುದೂ ಒಂದು ನೆಪವೇ. ಕೇಳಿರಲಿಲ್ಲ, ಅಷ್ಟೇ.

ಮರುದಿನ ಗೇಟಿನಲ್ಲಿ ನಿಂತೆ. ಮುನೀಮರನ್ನು ನಾನೇ ಹೊರಗೆ ಕರೆಸಿದೆ. ಬಂಡಿಯವರಿದ್ದರು, ಖಾಜಾ ಚಾಚಾ ಇದ್ದ, ಎಲ್ಲರೂ ಇದ್ದರು. “ಹೆಸರು ಕರಿಯೋದಕ್ಕಿಂತ ಮೊದಲ ಒಂದು ಮಾತು ಹೇಳೋದದ” ಎಂದೆ. ನೋಡಿದರೆ, ಎಲ್ಲರೂ ನಗಲು ತಯಾರಾಗಿ ಬಾಯಿ ಅರ್ಧ ತೆರೆದು ಕಾಯುತ್ತಿದ್ದಾರೆ! ನನ್ನ ಗಳಿಕೆ ಅದು. ಹೇಳಿದೆ. ಹುಲಿಗೆವ್ವ ಅವತ್ತು ಹೇಳಿದ್ದು ಖರೆ, ನಾನು ಹೇಳಿದ್ದು ಸುಳ್ಳು, ನನ್ನ ಸುಳ್ಳಿಗೆ ಅವಳು ಕೆಲಸ ಕಳಕೊಂಡಳು, ವಾಚನಾಲಯದಲ್ಲಿ ನಾನು ಹಾಕಿಕೊಂಡ ಹಾರ ನನ್ನದಲ್ಲ. ಯಾರೋ ಒಬ್ಬ ಹಿಹಿ ಎಂದ, ಪಕ್ಕದವನು ತಿವಿದ. ಮುನೀಮರು ಕನ್ನಡಕ ತೆಗೆದು ಒರೆಸಿದರು. “ಈಗ್ಯಾಕಲೇ ಇದು...” ಎಂದರು. ಅವಳ ಕಡೆ ನೋಡಲಾರದೆ ನೆಲ ನೋಡಿದರು — ಸುಳ್ಳಿ ಎಂದು ಅಟ್ಟಿದವರು ಅವರೇ ಅಲ್ಲವೇ. ಖಾಜಾ ಚಾಚಾ, “ನಾನೂ ಕೇಳಿದ್ದೆ, ಸುಮ್ಮಕಿದ್ದೆ” ಎಂದು ತನ್ನಷ್ಟಕ್ಕೆ ಎಂಬಂತೆ ಹೇಳಿದ.

ಇನ್ನೂ ಹೇಳಬೇಕೆನಿಸಿತು, ಸ್ವಲ್ಪ ಅಳು ಬಂದರೂ ಚೆನ್ನ ಎನಿಸಿತು — ಸುಳ್ಳೇಕೆ, ಆ ಹೊತ್ತಿನಲ್ಲೂ ಎಲ್ಲರೂ ನನ್ನನ್ನೇ ನೋಡುತ್ತಿರುವುದು ನನಗೆ ಹಿತವಾಗಿತ್ತು. ಸಾಲಿನ ಮುಂದೆ ನಿಂತಿದ್ದ ಹುಲಿಗೆವ್ವನಿಗೆ ಅದು ತಿಳಿದಿರಬೇಕು. ಬಿಲ್ಲೆಗೆ ಕೈ ನೀಡಿ ಹೇಳಿದಳು:

“ಮುಗೀತೇನು ತಮ್ಮಾ ನಿನ್ನ ಮಾತು? ಹಿಂದ ಭಾಳ ಮಂದಿ ನಿಂತಾರ. ಹೆಸರು ಕರಿ.”